ತಲಕಾಡು

ತಲಕಾಡು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ನದಿಯ ಎಡದಂಡೆಯ ಮೇಲಿರುವ ಐತಿಹಾಸಿಕ ಪಟ್ಟಣ ಹಾಗೂ ಯಾತ್ರಾಸ್ಥಳ. ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿದೆ. ಹಳೆಯ ನಗರದ ಬಹುಭಾಗ ಮರಳುದಿಬ್ಬಗಳಡಿ ಹುದುಗಿರುವುದರಿಂದ ಇದನ್ನು ಕರ್ನಾಟಕದ ಮರುಭೂಮಿ ಎನ್ನುವುದುಂಟು. ಆದರೆ ಇದು ಮಳೆಯ ಅಭಾವದಿಂದಾದ ಮರುಭೂಮಿಯಲ್ಲ. ದಿಬ್ಬಗಳ ಆಚೆಗೆ ನೀರಾವರಿ ಗದ್ದೆಗಳಿವೆ.

ಇತಿಹಾಸ

ತಲ ಮತ್ತು ಕಾಡ ಎಂಬ ಬೇಡ ಸಹೋದರರಿಂದ ಊರಿಗೆ ಈ ಹೆಸರು ಬಂದಿತೆಂಬುದು ಸ್ಥಳಪುರಾಣ. ತಲಕಾಡು ಗಂಗರ ರಾಜಧಾನಿಯಾಗಿತ್ತು. 11ನೆಯ ಶತಮಾನದ ಆರಂಭದಲ್ಲಿ ಇದನ್ನು ಗೆದ್ದ ಚೋಳರು ರಾಜರಾಜಪುರ ಎಂದು ಹೆಸರಿಸಿದರು. ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಸೋಲಿಸಿ 'ತಲಕಾಡುಗೊಂಡ' ಎಂಬ ಬಿರುದು ಧರಿಸಿದನು. ವಿಜಯದ ನೆನಪಿಗೆ 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಮುಂದೆ ಊರು ವಿಜಯನಗರ ಹಾಗೂ ಮೈಸೂರು ಅರಸರ ಆಳ್ವಿಕೆಗೆ ಒಳಪಟ್ಟಿತು.

ಮರಳು: ಐತಿಹ್ಯ ಮತ್ತು ಕಾರಣ

ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ, ರಾಜ ಒಡೆಯರ ಕಡೆಯವರು ಒಡವೆಗಳಿಗಾಗಿ ಬೆನ್ನಟ್ಟಿದಾಗ ಶಾಪವಿತ್ತು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ, ತಲಕಾಡು ಮರಳಾದದ್ದು ಆ ಶಾಪದಿಂದಲೇ ಎಂದೂ ಐತಿಹ್ಯವಿದೆ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು 1610ರಲ್ಲಿ.

ಸಂಶೋಧಕರು ಬೇರೆ ಕಾರಣವನ್ನು ಮುಂದಿಡುತ್ತಾರೆ. ಕಾವೇರಿ ಇಲ್ಲಿ ತೀವ್ರವಾಗಿ ತಿರುಗಿ ಹರಿಯುತ್ತದೆ. ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆಯಿಂದ ನದೀಪಾತ್ರದಲ್ಲಿ ಮರಳು ಸಂಗ್ರಹವಾಗಿ, ನೀರು ತಗ್ಗಿದಾಗ ಬಯಲಾದ ಆ ಮರಳನ್ನು ನೈಋತ್ಯದ ಗಾಳಿ ಊರಿನತ್ತ ಸಾಗಿಸಿತೆಂಬುದು ಅವರ ವಿವರಣೆ. ಇದರ ಪ್ರಕಾರ ನಗರ ಒಂದೇ ದಿನದಲ್ಲಿ ಮುಚ್ಚಿಹೋಗದೆ ಕ್ರಮೇಣ ಮರಳುಪಾಲಾಯಿತು. ಅದೇ ಮರಳು ಹಲವು ಕಟ್ಟಡಗಳನ್ನು ಕಾಪಾಡಿಯೂ ಇದೆ. ಉತ್ಖನನಗಳಲ್ಲಿ ದೇವಾಲಯಗಳ ಅವಶೇಷಗಳು ಬೆಳಕಿಗೆ ಬಂದಿವೆ.

ಪ್ರೇಕ್ಷಣೀಯ ಸ್ಥಳಗಳು

ವೈದ್ಯನಾಥೇಶ್ವರ ದೇವಾಲಯವು ಇಲ್ಲಿನ ಪ್ರಮುಖ ಗುಡಿ. ಪಾತಾಳೇಶ್ವರ ಮತ್ತು ಮರುಳೇಶ್ವರ ದೇವಾಲಯಗಳು ಮರಳಿನ ಮಟ್ಟಕ್ಕಿಂತ ಕೆಳಗಿದ್ದು, ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ಇವುಗಳೊಂದಿಗೆ ಅರ್ಕೇಶ್ವರ ಹಾಗೂ ಮುಡುಕುತೊರೆಯ ಮಲ್ಲಿಕಾರ್ಜುನ ಸೇರಿ ಪಂಚಲಿಂಗಗಳಾಗುತ್ತವೆ.

ಉತ್ಸವ ಮತ್ತು ಜಾತ್ರೆ

ಪಂಚಲಿಂಗ ದರ್ಶನವು ಕಾರ್ತಿಕ ಮಾಸದ ಸೋಮವಾರದಂದು ವಿಶೇಷ ನಕ್ಷತ್ರಯೋಗ ಕೂಡಿಬಂದಾಗ ನಡೆಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಎಂಬ ಮಾತು ಪ್ರಚಲಿತವಾಗಿದ್ದರೂ ಅಂತರ ನಿಶ್ಚಿತವಲ್ಲ: 2006, 2009, 2013 ಮತ್ತು 2020ರಲ್ಲಿ ಇದು ನೆರವೇರಿತು. ಮುಡುಕುತೊರೆಯ ವಾರ್ಷಿಕ ಜಾತ್ರೆ ದನಗಳ ಮಾರಾಟಕ್ಕೆ ಹೆಸರಾಗಿದ್ದು, ರೈತರು ಉಳುಮೆಯ ಎತ್ತುಗಳನ್ನು ಇಲ್ಲಿ ಕೊಳ್ಳುತ್ತಾರೆ.

ಪ್ರವಾಸಿಗರಿಗೆ

ಮಧ್ಯಾಹ್ನ ಮರಳು ಕಾಯುವುದರಿಂದ ಬೆಳಗಿನ ಹೊತ್ತು ನಡೆಯಲು ಅನುಕೂಲ. ನದಿಯು ಮೇಲ್ನೋಟಕ್ಕೆ ಆಳವಿಲ್ಲದಂತೆ ಕಂಡರೂ ಅಲ್ಲಲ್ಲಿ ಮಡುಗಳಿವೆ. ಈಜಲಿಳಿದವರು ಮುಳುಗಿ ಮೃತಪಟ್ಟ ಘಟನೆಗಳು ನಡೆದಿವೆ. ಸೋಮನಾಥಪುರದ ಕೇಶವ ದೇವಾಲಯವನ್ನು ಇದೇ ಪ್ರವಾಸದಲ್ಲಿ ನೋಡಬಹುದು.