ಅಚ್ಚಿನಮನೆಯ ಬಾಗಿಲು ಯಾರಿಗೆ ತೆರೆದಿತ್ತು?

ಪುಸ್ತಕದ ಚರಿತ್ರೆ ಅಂದರೆ ಬರೆದವರ ಚರಿತ್ರೆ ಅಂತ ನಮಗೆ ಕಲಿಸಿದರು. ಅದು ಅರ್ಧ ಸತ್ಯ. ಅಚ್ಚಿನಮನೆಯ ಬಾಗಿಲಲ್ಲಿ ನಿಂತು ನೀನು ಒಳಗೆ ಬಾ, ನೀನು ಹೊರಗಿರು ಅಂದವರ ಚರಿತ್ರೆಯೂ ಅದೇ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಈ ಐದು ತಾಲ್ಲೂಕುಗಳ ನೆಲದ ಮೇಲೆ ನಿಂತು ಆ ಬಾಗಿಲನ್ನು ನಾವು ನೋಡಬೇಕಾಗಿದೆ.

ಈ ನೆಲ 1953ರ ತನಕ ಮದ್ರಾಸಿನ ಆಡಳಿತದಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಕೊಟ್ಟರು, 2018ರಲ್ಲಿ ಬಳ್ಳಾರಿಗೆ ಮರಳಿಸಿದರು. 2021ರಲ್ಲಿ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಬಂದವು. ಬೋರ್ಡು ಬದಲಾಯಿತು, ಕೇರಿ ಬದಲಾಗಲಿಲ್ಲ. ಮೈಲಾರದ ಗೊರವರು, ಉಚ್ಚಂಗಿದುರ್ಗದ ಜೋಗತಿಯರು, ಹೊಳೆಯಾಚೆ ಹುಲಿಗಿಗೆ ಹೋಗಿಬರುವ ಜೋಗಪ್ಪಗಳು — ಇವರ ಬಾಯಲ್ಲಿ ಕಾವ್ಯ ಇತ್ತು, ಕೈಯಲ್ಲಿ ಪುಸ್ತಕ ಇರಲಿಲ್ಲ.

ಜೋಗಪ್ಪ ಯಾರು? ಗಂಡಾಗಿ ಹುಟ್ಟಿ, ಹೆಣ್ಣಾಗಿ ಬಾಳುವ ಜೀವ. ಹಳ್ಳಿಯ ಮಂದಿ ಇವರ ಕಾಲಿಗೆ ಬೀಳತಾರೆ, ಹಡ್ಡಲಿಗಿಗೆ ಜೋಳ ಹಾಕತಾರೆ. ಅದೇ ಮಂದಿ ತಮ್ಮ ಮಗ ಸೀರೆ ಮುಟ್ಟಿದರೆ ಕಟ್ಟಿಹಾಕಿ ಹೊಡೀತಾರೆ. ದೇವರ ಹೆಸರಲ್ಲಿ ಪೂಜೆ, ಮನುಷ್ಯರ ಹೆಸರಲ್ಲಿ ಬಹಿಷ್ಕಾರ. ಈ ಎರಡು ನಾಲಗೆಯ ಧರ್ಮವನ್ನು ದಲಿತರಾದ ನಾವು ಬಲ್ಲೆವು. ಅದೇ ಧರ್ಮ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಊರಗೌಡನ ಅಂಗಳಕ್ಕೆ ನೂಕಿತು. ಅದನ್ನು ನಿಷೇಧಿಸುವ ಕಾಯ್ದೆ ಮಾಡಲು ಕರ್ನಾಟಕಕ್ಕೆ 1982 ಬರಬೇಕಾಯಿತು.

ಬ್ರಿಟಿಷರು ತಂದ ಕಾನೂನು ಇನ್ನೂ ಒಂದು ಬೇಲಿ ಹಾಕಿತು. 1860ರ ಇಂಡಿಯನ್ ಪೀನಲ್ ಕೋಡಿನ 377ನೇ ಕಲಮು ಗಂಡು ಗಂಡನ್ನು ಕೂಡುವುದನ್ನು ಅಪರಾಧ ಮಾಡಿತು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟು ಕಳ್ಳರು ಅಂದಿತು. ಅದೇ ಕಾಯ್ದೆಯ ಎರಡನೇ ಭಾಗ, ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕುಣಿಯುವ ಹಿಜಡಾಗಳ ಪಟ್ಟಿ ಮಾಡಿ ಅವರಿಗೆ ಸಜೆ ಗೊತ್ತುಮಾಡಿತು. ನೆನಪಿಡಿ ಗೆಳೆಯರೇ, ಅಲೆಮಾರಿ ಮತ್ತು ಹಿಜಡಾ ಒಂದೇ ಕಾಯ್ದೆಯ ಎರಡು ಪುಟ. ಆ ಕಾಯ್ದೆ ಸತ್ತ ಎಷ್ಟೋ ವರ್ಷದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ 36ಎ ಎಂಬ ಹೆಸರಲ್ಲಿ ಅದರ ದೆವ್ವ ಎದ್ದು ಬಂತು. ಹೋರಾಟ ನಡೆದ ಮೇಲೆ ಅದರೊಳಗಿನ ಆ ಸಮುದಾಯದ ಹೆಸರನ್ನು ತೆಗೆದರು.

ಈಗ ಸಾಹಿತ್ಯಕ್ಕೆ ಬರೋಣ. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಗೋಷ್ಠಿಯೊಂದು ಇರಲಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ದಲಿತ, ಬಲಿತ ಅಂತ ಭೇದವಿಲ್ಲ ಅನ್ನುವ ಧಾಟಿಯ ಉತ್ತರ ಬಂತು. ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಲ್ಲಿ ಬಂಡಾಯದ ಸಮ್ಮೇಳನ ನಡೆಯಿತು. 'ಭೇದವಿಲ್ಲ' ಅನ್ನುವುದು ಭೇದದ ಅತಿ ನಯವಾದ ಮಾತು. ಒಳಗಿದ್ದವರಿಗೆ ಬಾಗಿಲು ಕಾಣುವುದಿಲ್ಲ. ಹೊರಗೆ ನಿಂತವರಿಗೆ ಬಾಗಿಲೊಂದೇ ಕಾಣುತ್ತದೆ. 'ಶೂದ್ರ', 'ಪಂಚಮ'ದಂಥ ಪತ್ರಿಕೆಗಳು ಹುಟ್ಟಿದ್ದೇ ನಮ್ಮ ಬಾಗಿಲನ್ನು ನಾವೇ ಮಾಡಿಕೊಳ್ಳಬೇಕು ಅಂತ.

ಇದೇ ಹಾದಿಯನ್ನು ಬೇರೆ ಕಡೆಯಿಂದ ಹಿಡಿದವರು ನಮ್ಮ ಕೂಡ್ಲಿಗಿಗೆ ಮಗ್ಗುಲಾದ ಸಂಡೂರಿನ ವಸುಧೇಂದ್ರ. ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ 2004ರಲ್ಲಿ 'ಛಂದ ಪುಸ್ತಕ' ಎಂಬ ಪ್ರಕಾಶನ ಕಟ್ಟಿದರು. ಹೊಸ ಕತೆಗಾರರಿಂದ ಹಸ್ತಪ್ರತಿ ತರಿಸಿ, ಸ್ಪರ್ಧೆ ಇಟ್ಟು, ಗೆದ್ದವರ ಮೊದಲ ಪುಸ್ತಕವನ್ನು ತಾವೇ ತರುವ ಪದ್ಧತಿ ಹಾಕಿದರು. ಹೆಸರಿಲ್ಲದವನಿಗೆ ಮೊದಲ ಪುಸ್ತಕ ಅಂದರೆ ಏನೆಂಬುದು ಹಳ್ಳಿಯ ಮೇಷ್ಟ್ರುಗಳಿಗೆ ಗೊತ್ತು. ಸಂಬಳ ಕೂಡಿಟ್ಟು ಅಚ್ಚು ಹಾಕಿಸಿ, ಕಟ್ಟುಗಳನ್ನು ಮಂಚದ ಕೆಳಗೆ ಇಟ್ಟು, ಗ್ರಂಥಾಲಯ ಇಲಾಖೆಯ ಖರೀದಿಗೆ ಕಾಯುತ್ತಾ ಕೂತ ಕವಿಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ.

2013ರಲ್ಲಿ ಛಂದದಿಂದ 'ಮೋಹನಸ್ವಾಮಿ' ಬಂತು. ಗಂಡು ಗಂಡನ್ನು ಪ್ರೀತಿಸುವ ಬದುಕಿನ ಕತೆಗಳು. ಅವುಗಳಲ್ಲೊಂದು ಮೊದಲು ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. ಆ ಮುಚ್ಚಿಟ್ಟ ಹೆಸರೇ ಒಂದು ಚರಿತ್ರೆ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. ಒಂದು ಕಡೆ ಕೋರ್ಟು ಇವರನ್ನು ಅಪರಾಧಿ ಅಂದಿತು, ಇನ್ನೊಂದು ಕಡೆ ಕನ್ನಡದ ಪುಸ್ತಕ ಇವರನ್ನು ಮನುಷ್ಯ ಅಂದಿತು. ಕೋರ್ಟು ಪುಸ್ತಕದ ಮಾತಿಗೆ ಬರಲು 2018ರ ಸೆಪ್ಟೆಂಬರ್ 6 ಆಗಬೇಕಾಯಿತು.

ಇದೆಲ್ಲ ಪಟ್ಟಣದವರ, ಹೊಟ್ಟೆ ತುಂಬಿದವರ ಕತೆ ಅಂತ ನಮ್ಮ ಕೆಲವು ಸಂಗಾತಿಗಳು ಅಂತಾರೆ. ಅದೇ ಪುಸ್ತಕದ 'ತಗಣಿ' ಓದಲಿ. ಹಳ್ಳಿಯ ಗೌಡರ ಮನೆಯ ಮಗ, ಹೆಣ್ಣಿನ ಹಾವಭಾವದವನು, ಮನೆಯವರ ಕೈಯಲ್ಲೇ ಜೀವ ಕಳಕೊಳ್ಳತಾನೆ. ಜಾತಿ ಮೀರಿ ಮದುವೆಯಾದ ಮಗಳನ್ನು ಕೊಲ್ಲುವ ಕೈ, ಈ ಮಗನನ್ನು ಕೊಲ್ಲುವ ಕೈ — ಎರಡೂ ಒಂದೇ. ಮನೆತನದ ಮಾನ ಅನ್ನುವುದು ಜಮೀನಿನ, ಜಾತಿಯ, ಗಂಡಸುತನದ ಒಟ್ಟು ಲೆಕ್ಕ.

ಆದರೂ ಮೇಲ್ಜಾತಿಯ, ಓದಿದ, ಸಂಬಳದ ಲೇಖಕನಿಗೆ ಇದ್ದ ಅನುಕೂಲ ಜೋಗತಿಗೆ ಇರಲಿಲ್ಲ. ತನ್ನ ಅಚ್ಚಿನಮನೆ ತಾನೇ ಕಟ್ಟುವ ಶಕ್ತಿ ಆಕೆಗೆಲ್ಲಿ? ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಮಂಜಮ್ಮ ಹತ್ತನೇ ಇಯತ್ತೆವರೆಗೆ ಓದಿದವರು. ಹುಲಿಗಿಯಲ್ಲಿ ಜೋಗತಿಯಾದರು. ವಿಷ ಕುಡಿದು ಬದುಕಿದರು, ಭಿಕ್ಷೆ ಬೇಡಿದರು, ಇಡ್ಲಿ ಮಾರಿದರು. ಹಗರಿಬೊಮ್ಮನಹಳ್ಳಿ ಕಡೆಯ ಕಾಳವ್ವ ಜೋಗತಿಯ ಮೇಳಕ್ಕೆ ಸೇರಿ ತಲೆಯ ಮೇಲೆ ಕೊಡ ಹೊತ್ತು ಕುಣಿದರು. ಕಾಳವ್ವ ತೀರಿಕೊಂಡ ಮೇಲೆ ಮೇಳ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು'. ಬಾಯಿಮಾತನ್ನು ಬರಹಕ್ಕೆ ಇಳಿಸಿದವರು ಅರುಣ್ ಜೋಳದಕೂಡ್ಲಿಗಿ, ಅಚ್ಚು ಹಾಕಿದ್ದು ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಿಂದ ನಡೆದುಬಂದ ಪಲ್ಲವ ಪ್ರಕಾಶನ. ಹೆಸರು ದಾಸಿಮಯ್ಯನ ವಚನವನ್ನು ನೆನಪಿಸುತ್ತದೆ. ಗಂಡು ಹೆಣ್ಣೆಂಬ ಭೇದ ಮೈಗಷ್ಟೇ ಅಂತ ಎಷ್ಟೋ ಶತಮಾನದ ಹಿಂದೆ ಹೇಳಿದ ನೇಕಾರ ಆತ.

ಅದಕ್ಕೂ ಮುಂಚೆ ತಮಿಳುನಾಡಿನ ಹಿಜಡಾ ಹೋರಾಟಗಾರ್ತಿ ಎ. ರೇವತಿಯವರ ಬದುಕನ್ನು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದವರು ದು. ಸರಸ್ವತಿ. ಪೌರಕಾರ್ಮಿಕರ ಹೋರಾಟದಲ್ಲಿ ನಿಂತ ದಲಿತ ಲೇಖಕಿ. ಕಸ ಬಳಿಯುವವರ ನೋವು ಬಲ್ಲವಳು ಹಿಜಡಾಳ ನೋವನ್ನು ಕನ್ನಡಕ್ಕೆ ತಂದದ್ದು ಆಕಸ್ಮಿಕವಲ್ಲ. ಒಂದು ಗಾಯ ಇನ್ನೊಂದು ಗಾಯವನ್ನು ಗುರುತಿಸುತ್ತದೆ.

ಇದರ ಜತೆಗೇ ದರೋಜಿ ಈರಮ್ಮನನ್ನೂ ನೆನೆಯಬೇಕು. ಬುಡ್ಗಜಂಗಮರ ಅಲೆಮಾರಿ ಹೆಣ್ಣು, ಅಕ್ಷರ ಬಾರದವಳು, ತೆಲುಗು ಕನ್ನಡ ಎರಡರ ನಡುವೆ ಬಾಳಿದವಳು. ರಾತ್ರಿಗಟ್ಟಲೆ ಬುರ್ರಕಥೆ ಹಾಡುತ್ತಿದ್ದಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಕೊಟ್ಟಿತು. 2014ರಲ್ಲಿ ಆಕೆ ತೀರಿಹೋದಾಗ ಎಷ್ಟು ಕಾವ್ಯ ಜತೆಗೇ ಮಣ್ಣಿಗೆ ಹೋಯಿತೋ!

ಇದು ನಮ್ಮ ಮುಂದಿರುವ ಲೆಕ್ಕ. ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಹಾಡು ನೂರಾರು ಮಂದಿಯದು. ಸ್ವತಂತ್ರ ಪ್ರಕಾಶನ ಒಬ್ಬರ ಸಂಬಳದ ಮೇಲೆ, ಒಬ್ಬರ ಹಟದ ಮೇಲೆ ನಿಂತಿರುತ್ತದೆ. ಹಟ ಸೋತ ದಿನ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಆ ಪುಸ್ತಕಗಳನ್ನು ಕೊಂಡು ಓದುವುದು ದಾನವಲ್ಲ, ಚಳುವಳಿಯ ಕೆಲಸ. ಹಡಗಲಿ, ಕೊಟ್ಟೂರಿನ ಶಾಲೆಯ ಮೇಷ್ಟ್ರುಗಳು ಈ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಲಿ. ವಿದ್ಯಾರ್ಥಿಗಳು ಹುಣ್ಣಿಮೆಯ ದಿನ ಉಚ್ಚಂಗಿದುರ್ಗ, ಹುಲಿಗಿಗೆ ಹೋಗಲಿ. ಜೋಗತಿಯ ಮುಂದೆ ಕೂತು, ಆಕೆಯ ಒಪ್ಪಿಗೆ ಪಡೆದು, ಹಾಡನ್ನು ಬರೆದುಕೊಳ್ಳಲಿ. ಅಚ್ಚಾದಾಗ ಪುಸ್ತಕದ ಮೇಲೆ ಬರೆದುಕೊಂಡವನ ಹೆಸರಿಗಿಂತ ಮೊದಲು ಹಾಡಿದವಳ ಹೆಸರು ಇರಲಿ. ಹಣ ಬಂದರೆ ಆಕೆಗೂ ಪಾಲು ಹೋಗಲಿ.

ಚೌಡಿಕೆಯ ದನಿ ಅಚ್ಚಿನ ಮೊಳೆಗಿಂತ ಹಳೆಯದು. ಅದಕ್ಕೆ ಬಾಗಿಲು ಬೇಕಿರಲಿಲ್ಲ. ಬಾಗಿಲು ಬೇಕಿರುವುದು ಇಷ್ಟು ಕಾಲ ಕಿವಿ ಮುಚ್ಚಿಕೊಂಡಿದ್ದ ಈ ನಾಡಿಗೆ.