ಟಿವಿ ಗೇಮೋ, ಕಂಪ್ಯೂಟರೋ? ಅಟ್ಟದ ಮೇಲಿನ ಒಂದು ಡಬ್ಬಿಯ ಕಥೆ

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನಗಳಾದವು. ಆಫೀಸು, ಡೆಡ್‌ಲೈನು... ಅದೇ ಹಳೇ ನೆಪ :-) ಮೊನ್ನೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಕೇಳಿದ ಪ್ರಶ್ನೆಯೊಂದು ಮತ್ತೆ ಇಲ್ಲಿ ತಂದು ಕೂರಿಸಿದೆ. ಊರು ಅಂದರೆ ಇಟ್ಟಿಗಿ. (ಮಹಾದೇವ ದೇವಾಲಯಕ್ಕೆ ಹೆಸರಾದ ಕೊಪ್ಪಳ ಕಡೆಯ ಇಟಗಿ ಅಲ್ಲ, ಇದು ಹೂವಿನಹಡಗಲಿ ಕಡೆಯ ಇಟ್ಟಿಗಿ.)

"ಅಣ್ಣಾ, ಅಪ್ಪ ಒಂದೇ ಸಲ ದುಡ್ಡು ಕೊಡ್ತೀನಿ ಅಂದಾನ. ಪ್ಲೇಸ್ಟೇಷನ್ ತಗೊಳ್ಳಲೋ, ಕಂಪ್ಯೂಟರ್ ತಗೊಳ್ಳಲೋ?"

ಉತ್ತರ ಹೇಳುವ ಬದಲು ಅಟ್ಟ ಹತ್ತಿ ನಮ್ಮ ಹಳೇ ಟಿವಿ ಗೇಮ್ ಇಳಿಸಿದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಹೊಸಪೇಟೆಯಿಂದ ತಂದಿದ್ದು. ಅಕ್ಕನಿಗೊಂದು ರಿಮೋಟು, ನನಗೊಂದು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಉಫ್ ಅಂತ ಊದುವುದು, ಕಾಂಟ್ರಾದ ಕೊನೇ ಹಂತದ ಹತ್ತಿರ ಬಂದಾಗಲೇ ಕರೆಂಟು ಹೋಗುವುದು... ನಿಮಗೂ ನೆನಪಿರಬೇಕಲ್ಲ? ಅದರಲ್ಲಿ ಆಟ ಸೇವ್ ಮಾಡುವ ವ್ಯವಸ್ಥೆಯೇ ಇರಲಿಲ್ಲ!

ಆ ಡಬ್ಬಿ ನಿಜಕ್ಕೂ ಏನು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಓದುವಾಗ. ಜಪಾನಿನ ನಿಂಟೆಂಡೋ 1983ರಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ತಂದಿತು. ನಮ್ಮ ಮನೆಗೆ ಬಂದಿದ್ದು ಅದರ ನಕಲು. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಇರುತ್ತಿತ್ತು, ಒಳಗೆ ಅದದೇ ಆಟಗಳು ಬೇರೆ ಬೇರೆ ಹೆಸರಲ್ಲಿ :-) ಆದರೆ ಅಸಲಿ ಯಂತ್ರ ಕೊಳ್ಳುವುದು ಸಾಧ್ಯವಿತ್ತೇ? 1995ರಲ್ಲಿ ಸೆಗಾ ಕಂಪನಿ ಶಾ ವ್ಯಾಲೇಸ್ ಮೂಲಕ ಭಾರತದಲ್ಲಿ ಮೆಗಾ ಡ್ರೈವ್ ಮಾರಾಟಕ್ಕಿಳಿಯಿತು. ಆಗ ಆಮದು ಸುಂಕವೇ 80 ಶೇಕಡಾ, ಅದನ್ನು ತಪ್ಪಿಸಲೆಂದೇ ಈ ಒಪ್ಪಂದ. ಆದರೂ ಬೆಲೆ 18,000 ರೂಪಾಯಿ! ಮಳೆ ನಂಬಿ ಜೋಳ ಬಿತ್ತುವ ಮನೆಯಲ್ಲಿ ಆಟದ ಸಾಮಾನಿಗೆ ಅಷ್ಟು ದುಡ್ಡು ಯಾರು ಕೊಟ್ಟಾರು? ನಮ್ಮ ಕಡೆ ನಕಲಿ ಡಬ್ಬಿಗಳೇ ಕನ್ಸೋಲ್ ಆದವು.

ಕಂಪ್ಯೂಟರ್ ಮನೆಯೊಳಗೆ ಬಂದಿದ್ದು ಬೇರೆ ಬಾಗಿಲಿಂದ. "ಓದೋಕೆ ಬೇಕು" ಅಂದರೆ ಸಾಕು, ಅಪ್ಪ ಸಾಲ ಮಾಡಿಯಾದರೂ ತರುತ್ತಿದ್ದರು. ಓದಿನ ಹೆಸರಲ್ಲಿ ಬಂದ ಆ ಯಂತ್ರದಲ್ಲಿ ನಾವು ಆಡಿದ್ದು ಡೇವ್, ಪ್ರಿನ್ಸ್ ಆಫ್ ಪರ್ಷಿಯಾ, ವೈಸ್ ಸಿಟಿ. ಕನ್ಸೋಲೋ ಪಿಸಿಯೋ ಅನ್ನೋ ಚರ್ಚೆ ನಮ್ಮಲ್ಲಿ ಗ್ರಾಫಿಕ್ಸ್ ಬಗ್ಗೆ ಇರಲೇ ಇಲ್ಲ, ಅಪ್ಪನಿಗೆ ಏನು ಹೇಳಿ ಒಪ್ಪಿಸೋದು ಅನ್ನೋದರ ಬಗ್ಗೆ ಇತ್ತು!

ಈಗ ವಿಷಯಕ್ಕೆ ಬರೋಣ. ಅಟ್ಟದಿಂದ ಇಳಿಸಿದ ಡಬ್ಬಿಗೆ ಚುಚ್ಚಲು ಹೊಸ ಟಿವಿಯಲ್ಲಿ ಹಳದಿ ವೈರಿನ ತೂತೇ ಇಲ್ಲ. ಅಡಾಪ್ಟರ್ ಸತ್ತಿದೆ. ಯಂತ್ರ ಹೋದರೆ ಕ್ಯಾಸೆಟ್ಟೂ ಹೋದ ಹಾಗೆ. ಇದು ಬರೀ ನಕಲಿ ಮಾಲಿನ ಹಣೆಬರಹ ಅಂದುಕೊಳ್ಳಬೇಡಿ. ಹೈದರಾಬಾದಿನ ಗೇಮ್‌ಶಾಸ್ತ್ರ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ 'ದೇಸಿ ಅಡ್ಡಾ' ಅಂತ ಮಾಡಿತ್ತು, ಕಬಡ್ಡಿಯಂಥ ನಮ್ಮ ಮಣ್ಣಿನ ಆಟಗಳು ಅದರಲ್ಲಿ. ಆ ಡಿಸ್ಕು ಪಿಎಸ್5ರಲ್ಲಿ ಓಡುವುದಿಲ್ಲ. ನಿಂಟೆಂಡೋ 2023ರ ಮಾರ್ಚಿನಲ್ಲಿ ತನ್ನ ವೀ ಯು ಮತ್ತು 3ಡಿಎಸ್ ಆನ್‌ಲೈನ್ ಅಂಗಡಿಗಳಿಗೆ ಬೀಗ ಹಾಕಿತು. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಲೆಕ್ಕ ಹಾಕಿತು: 2010ಕ್ಕಿಂತ ಮುಂಚೆ ಅಲ್ಲಿ ಬಂದ ಆಟಗಳಲ್ಲಿ 87 ಶೇಕಡಾ ಇವತ್ತು ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಂತ ಪಿಸಿಯೇನು ಅಮರ ಅಲ್ಲ. ಡೇವ್‌ನಂಥ ಡಾಸ್ ಆಟ ಈಗಿನ 64 ಬಿಟ್ ವಿಂಡೋಸಿನಲ್ಲಿ ನೇರ ಓಡುವುದಿಲ್ಲ. 2021ರಲ್ಲಿ ಹೊಸ ಆವೃತ್ತಿ ಮಾರಲು ಹಳೇ ವೈಸ್ ಸಿಟಿಯನ್ನೇ ಅಂಗಡಿಯಿಂದ ತೆಗೆದಿದ್ದರು, ಜನ ಬೈದ ಮೇಲೆ ಪಿಸಿ ಆವೃತ್ತಿ ವಾಪಸ್ ತಂದರು. ಆದರೆ ಪಿಸಿಯಲ್ಲಿ ರಿಪೇರಿಗೆ ದಾರಿ ಇದೆ. ಡಾಸ್ ಆಟಗಳಿಗಾಗಿ ಯಾರೋ ಪುಣ್ಯಾತ್ಮರು 2002ರಲ್ಲೇ ಡಾಸ್‌ಬಾಕ್ಸ್ ಬರೆದು ಪುಕ್ಕಟೆ ಕೊಟ್ಟರು. ಪ್ಲೇಸ್ಟೇಷನ್ 2ರ ಡಿಸ್ಕು ನಿಮ್ಮಲ್ಲಿದ್ದರೆ ಅದನ್ನು ಓಡಿಸಲೂ ಎಮ್ಯುಲೇಟರ್ ಇದೆ. ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡನ್ ಮೆಕ್ನರ್ ಅವರ ಅಪ್ಪನಿಗೆ 2012ರಲ್ಲಿ ಮನೆಯಲ್ಲೇ ಹಳೇ ಫ್ಲಾಪಿಗಳು ಸಿಕ್ಕವು, ಕಳೆದೇಹೋಗಿದೆ ಅಂದುಕೊಂಡಿದ್ದ ಸೋರ್ಸ್ ಕೋಡ್ ಅದರಲ್ಲಿತ್ತು! ಅಲ್ಲಿಯೂ ಒಂದು ಡಬ್ಬಿ. ಅವರು ಅದನ್ನು ಎಲ್ಲರೂ ನೋಡುವಂತೆ ಹಾಕಿದರು.

ತಮ್ಮನಿಗೆ ಇಷ್ಟೇ ಹೇಳಿದೆ: "ಸೋಫಾದಲ್ಲಿ ಇಬ್ಬರು ಕೂತು ತಲೆನೋವಿಲ್ಲದೆ ಆಡೋಕೆ ಕನ್ಸೋಲೇ ಸುಖ. ಆದರೆ ಇಪ್ಪತ್ತು ವರ್ಷ ಆದ ಮೇಲೂ ಇವತ್ತಿನ ಆಟ ಬೇಕು ಅಂದರೆ ಕಂಪ್ಯೂಟರ್ ತಗೋ."

ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಕಾಂಟ್ರಾ ಹಾಕಿದೆ. ಕೊನಾಮಿ 2019ರಲ್ಲಿ ಹಲವು ಹಳೇ ಕಾಂಟ್ರಾಗಳನ್ನು ಸೇರಿಸಿ ಪಿಸಿಗೂ ಕನ್ಸೋಲಿಗೂ ಮಾರಾಟಕ್ಕಿಟ್ಟಿದೆ, ಹೆಸರಾದ ಆಟಕ್ಕೆ ಆ ಭಾಗ್ಯ ಉಂಟು. ಹಬ್ಬಕ್ಕೆ ತವರಿಗೆ ಬಂದಿದ್ದ ಅಕ್ಕ ಅಡುಗೆಮನೆಯಿಂದ ಆ ಸದ್ದು ಕೇಳಿ ಓಡಿ ಬಂದಳು. "ಸರಿಯೋ, ಎರಡನೇ ರಿಮೋಟು ನಂದು!" ಅವತ್ತು ಕರೆಂಟು ಹೋಗಲಿಲ್ಲ. ಕೊನೇ ಹಂತ ದಾಟಿದೆವು.

ನಿಮ್ಮ ಮನೆ ಅಟ್ಟದಲ್ಲಿ ಯಾವ ಡಬ್ಬಿ ಇದೆ? ಹೇಳ್ತೀರಲ್ಲ?