ಕಾಕನಕೋಟೆಯ ಹುಡುಗ, ಲಂಡನ್ನಿನ ಕಥೆ

ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿ ಹಿಡಿದರೆ ಕಂಪಲಾಪುರ ಸಿಗುತ್ತದೆ. ಈ ಸೀಮೆಯ ಜನರಿಗೆ ಆನೆಯೆಂದರೆ ಬರೀ ತೆರೆಯ ಮೇಲೆ ನೋಡಿ ಬೆರಗಾಗುವ ಪ್ರಾಣಿಯಲ್ಲ. ನಾಗರಹೊಳೆಯ ಅಂಚಿನ ಹೊಲಗಳಿಗೆ ರಾತ್ರಿ ನುಗ್ಗುವ ಆನೆಯೂ ಗೊತ್ತು, ದಸರೆಗೆಂದು ವೀರನಹೊಸಹಳ್ಳಿಯಿಂದ ಮೈಸೂರಿಗೆ ಹೊರಡುವ ಆನೆಯೂ ಗೊತ್ತು. ಹುಣಸೂರಿನಿಂದ ದಕ್ಷಿಣಕ್ಕೆ ತಿರುಗಿ ಎಚ್.ಡಿ. ಕೋಟೆ ದಾಟಿ ಹೋದರೆ ಕಬಿನಿಯ ದಡದಲ್ಲಿ ಕಾರಾಪುರವಿದೆ. ಹಾಲಿವುಡ್‌ನ ಮೊದಲ ಭಾರತೀಯ ತಾರೆಯೆಂದು ಹೆಸರಾದ ಸಾಬು ಹುಟ್ಟಿದ್ದು ಆ ಊರಿನಲ್ಲಿ, 1924ರಲ್ಲಿ. ಅವನನ್ನು ಜಗತ್ತಿಗೆ ಪರಿಚಯಿಸಿದ ಚಿತ್ರ 1937ರಲ್ಲಿ ತೆರೆಕಂಡ 'ಎಲಿಫೆಂಟ್ ಬಾಯ್'. ಆ ಚಿತ್ರವನ್ನು ಲಂಡನ್, ವೆನಿಸ್, ನ್ಯೂಯಾರ್ಕ್‌ಗಳ ವಿಮರ್ಶಕರು ನೋಡಿ ತಮ್ಮ ತಮ್ಮ ಅಭಿಪ್ರಾಯ ಹೇಳಿದರು. ಆನೆಯನ್ನು ಬಲ್ಲ ಈ ಸೀಮೆಯ ಪ್ರೇಕ್ಷಕ ಅದನ್ನು ನೋಡಿದರೆ ಏನು ಹೇಳಿಯಾನು?

ಚಿತ್ರ ತೆಗೆಯಲು ಮೈಸೂರಿಗೆ ಬಂದವರು ಅಮೆರಿಕದ ರಾಬರ್ಟ್ ಫ್ಲಾಹರ್ಟಿ. 'ನ್ಯಾನೂಕ್ ಆಫ್ ದಿ ನಾರ್ತ್' (1922) ಮೂಲಕ ಸಾಕ್ಷ್ಯಚಿತ್ರಕ್ಕೆ ದಾರಿ ಹಾಕಿಕೊಟ್ಟವರು ಅವರು. ಹಣ ಹೂಡಿದ್ದು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ. ಆದ್ದರಿಂದ ಲೆಕ್ಕಕ್ಕೆ ಇದು ಬ್ರಿಟಿಷ್ ಚಿತ್ರ. ಫ್ಲಾಹರ್ಟಿ ಇಲ್ಲಿಗೆ ಬಂದದ್ದು 1935ರಲ್ಲಿ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡು ಆಗಿನ್ನೂ ಒಂದೇ ವರ್ಷವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ ಚಿತ್ರತಂಡಕ್ಕೆ ಮೈಸೂರಿನ ಚಿತ್ತರಂಜನ್ ಮಹಲನ್ನು ಬಿಟ್ಟುಕೊಟ್ಟಿತು. ಅರಮನೆಯ ಆನೆಗಳನ್ನೂ ಒದಗಿಸಿತು.

ತಂಡಕ್ಕೆ ಒಬ್ಬ ಹುಡುಗ ಬೇಕಾಗಿದ್ದ. ಅರಮನೆಯ ಆನೆಲಾಯದಲ್ಲಿ ಸಿಕ್ಕವನೇ ಸಾಬು. ಮಾವುತನ ಮಗ, ತಂದೆ ತೀರಿಕೊಂಡ ಮೇಲೆ ಆನೆಲಾಯವೇ ಅವನಿಗೆ ಆಸರೆಯಾಗಿತ್ತು. ಇಂಗ್ಲಿಷ್ ಬಾರದು, ನಟನೆ ಗೊತ್ತಿಲ್ಲ. ಆದರೆ ಆನೆಯ ಬಳಿ ಹೇಗಿರಬೇಕೆಂದು ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಚಿತ್ರದಲ್ಲಿ ಅವನ ಜೊತೆಗಾರ 'ಕಾಲಾ ನಾಗ್' ಆಗಿ ಕಾಣಿಸಿಕೊಂಡದ್ದು ಅರಮನೆಯ ಆನೆ ಐರಾವತ.

ಚಿತ್ರದ ಮೂಲ ರುಡ್ಯಾರ್ಡ್ ಕಿಪ್ಲಿಂಗ್‌ನ 'ಜಂಗಲ್ ಬುಕ್' (1894) ಸಂಕಲನದ ಒಂದು ಕಥೆ. ಈ ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆದರೆ ಅದರ ಬೇರು ಮೈಸೂರಿನತ್ತ ಚಾಚಿದೆ. ಮೈಸೂರಿನ ನೀರಾವರಿ ಇಲಾಖೆಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಯಶಸ್ವಿಯಾದರು. ಬಳಿಕ ಬಂಗಾಳ ಸರ್ಕಾರದ ಖೆಡ್ಡಾ ಕೆಲಸಕ್ಕೂ ಹೋದರು. ಕಥೆಯಲ್ಲಿ ಬರುವ ಪೀಟರ್ಸನ್ ಸಾಹೇಬ ಇದೇ ಸ್ಯಾಂಡರ್ಸನ್ ಎಂದು ಕಿಪ್ಲಿಂಗ್ ಸಾಹಿತ್ಯದ ಅಭ್ಯಾಸಿಗಳು ಗುರುತಿಸುತ್ತಾರೆ. ಹೀಗೆ ಮೈಸೂರಿನಲ್ಲಿ ಪಳಗಿದ ಅನುಭವ ಗಾರೋ ಬೆಟ್ಟದ ಕಥೆಯಾಗಿ, ಮತ್ತೆ ಕಾಕನಕೋಟೆಗೆ ಸಿನಿಮಾ ಆಗಿ ಮರಳಿತು.

ಕಾಡು, ನದಿ, ಆನೆ, ಮಾವುತರ ದಿನಚರಿ - ಫ್ಲಾಹರ್ಟಿ ಇವನ್ನೆಲ್ಲ ಸುರುಳಿಗಟ್ಟಲೆ ಚಿತ್ರಿಸಿಕೊಂಡರು. ಕೊರ್ಡಾಗೆ ಬೇಕಾಗಿದ್ದದ್ದು ಕಥೆ. ಅದಕ್ಕಾಗಿ ತಮ್ಮ ಸಹೋದರ ಜೊಲ್ತಾನ್ ಕೊರ್ಡಾ ಅವರನ್ನು ಸಹನಿರ್ದೇಶಕರನ್ನಾಗಿ ಮಾಡಿದರು; ಸಾಬುವನ್ನು ಇಂಗ್ಲೆಂಡಿಗೆ ಕರೆಸಿಕೊಂಡು ಮಾತಿನ ದೃಶ್ಯಗಳನ್ನು ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ಅಲ್ಲಿ ಹುಡುಗನ ತಂದೆಯಾಗಿ, ಆನೆ ಹಿಡಿಯುವವರ ಮುಖ್ಯಸ್ಥನಾಗಿ ನಟಿಸಿದವರು ಮೈಗೆ ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು. ನಿಜವಾದ ಮಾವುತರು ತೆರೆಯ ಮೇಲಿದ್ದರೂ ಅವರಿಗೆ ಮಾತಿಲ್ಲ.

ಇನ್ನು ನೋಡಿದವರ ಅಭಿಪ್ರಾಯಕ್ಕೆ ಬರೋಣ. 1937ರ ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಬಂತು. 'ನ್ಯೂಯಾರ್ಕ್ ಟೈಮ್ಸ್' ವಿಮರ್ಶಕ ಹುಡುಗನ ಸಹಜತೆಯನ್ನು ಮೆಚ್ಚಿಕೊಂಡ. ಲಂಡನ್ನಿನಲ್ಲಿ ಆಗ ಚಿತ್ರ ವಿಮರ್ಶೆ ಬರೆಯುತ್ತಿದ್ದ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ಮಾತ್ರ ಚಿತ್ರ ಹಿಡಿಸಲಿಲ್ಲ. ಇಂಡಿಯಾದಲ್ಲಿ ಅಷ್ಟು ಕಾಲ ಇದ್ದು ಫ್ಲಾಹರ್ಟಿ ತಂದದ್ದು ಹೊಳೆಯಲ್ಲಿ ಆನೆ ತೊಳೆಯುವುದು, ಕಾಡು, ಸಂತೆಯಂಥ ಕೆಲವು ಬಿಡಿ ದೃಶ್ಯಗಳನ್ನಷ್ಟೇ ಎಂಬುದು ಅವರ ದೂರು.

ಭಾರತದ ಪ್ರೇಕ್ಷಕರ ದನಿ ಗಟ್ಟಿಯಾಗಿ ಕೇಳಿದ್ದು ಮರುವರ್ಷ. ಸಾಬು ನಟಿಸಿದ ಕೊರ್ಡಾ ಸಂಸ್ಥೆಯ ಎರಡನೆಯ ಚಿತ್ರ 'ದಿ ಡ್ರಮ್' (1938) ವಾಯವ್ಯ ಗಡಿನಾಡಿನ ಕಥೆ. ಅದರಲ್ಲಿ ಆತ ಬ್ರಿಟಿಷರ ಪಕ್ಷ ವಹಿಸುವ ರಾಜಕುಮಾರ. ಮುಂಬಯಿ, ಮದರಾಸುಗಳಲ್ಲಿ ಜನ ಪ್ರತಿಭಟಿಸಿದರು. ಹಾಲಿವುಡ್‌ನ ಐತಿಹಾಸಿಕ ಸಾಹಸಚಿತ್ರ 'ಗಂಗಾ ದಿನ್' (1939) ಬಂದಾಗ ಪತ್ರಕರ್ತ ಕೆ.ಎ. ಅಬ್ಬಾಸ್ ಮೊದಲಾದವರು ಅದನ್ನು ಕಟುವಾಗಿ ಖಂಡಿಸಿದರು. ಬಂಗಾಳ ಮತ್ತು ಮುಂಬಯಿ ಪ್ರಾಂತ್ಯಗಳಲ್ಲಿ ಅದಕ್ಕೆ ನಿಷೇಧ ಬಿತ್ತು. ನಮ್ಮ ನೆಲವನ್ನು ತೋರಿಸಿ ನಮ್ಮನ್ನೇ ಚಿಕ್ಕವರನ್ನಾಗಿ ಮಾಡುವ ಕಥೆ ಬೇಡ ಎಂಬುದು ಅವರ ವಾದ. 'ಎಲಿಫೆಂಟ್ ಬಾಯ್' ಅಷ್ಟು ಕೆರಳಿಸುವ ಚಿತ್ರವಲ್ಲದಿದ್ದರೂ ಅದರಲ್ಲಿಯೂ ಅಪ್ಪಣೆ ಕೊಡುವವನು ಸಾಹೇಬನೇ.

ಆದರೂ ಈ ಸೀಮೆಯ ಪ್ರೇಕ್ಷಕ ಗ್ರೀನ್ ಅವರ ಮಾತನ್ನು ತಿರುಗಿಸಿ ಹೇಳಬೇಕಾಗುತ್ತದೆ. ಅವರು ಬಿಡಿ ದೃಶ್ಯವೆಂದು ತಳ್ಳಿಹಾಕಿದ್ದೇ ಇಂದು ನಮಗೆ ಉಳಿದಿರುವ ಆಸ್ತಿ. ಕಾಕನಕೋಟೆಯ ಖೆಡ್ಡಾ ಹೇಗೆ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಕಾಡನ್ನು ಬಲ್ಲ ಕುರುಬರು ಆನೆ ಹಿಂಡಿನ ಜಾಡು ಹಿಡಿಯುತ್ತಿದ್ದರು. ನೂರಾರು ಜನ ತಮಟೆ, ಬೆಂಕಿ, ಕೂಗಿನಿಂದ ಹಿಂಡನ್ನು ಹೊಳೆಗೆ ಇಳಿಸಿ, ದಾಟಿಸಿ, ದಿಮ್ಮಿಗಳಿಂದ ಕಟ್ಟಿದ ದೊಡ್ಡಿಗೆ ಅಟ್ಟುತ್ತಿದ್ದರು. ಬಾಗಿಲು ಬಿದ್ದ ಮೇಲೆ ಮಾವುತರು ಪಳಗಿದ ಆನೆಗಳ ಮೇಲೆ ಒಳಗೆ ಹೋಗಿ, ಕಾಡಾನೆಯ ಕಾಲಿಗೆ ಹಗ್ಗ ಬಿಗಿಸುತ್ತಿದ್ದರು. ಜೀವ ಪಣಕ್ಕಿಟ್ಟು ಮಾಡುವ ಕೆಲಸ. ಗಾಯಗೊಂಡ, ಸತ್ತ ಆನೆಗಳೂ ಇದ್ದವು. ಗ್ಯಾಲರಿಯಲ್ಲಿ ಕುಳಿತು ನೋಡಿದ ವೈಸ್‌ರಾಯ್‌ಗಳ ಹೆಸರು ದಾಖಲೆಯಲ್ಲಿದೆ. ಹಗ್ಗ ಹಿಡಿದವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ನೆನಪಿಲ್ಲ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಕಾಕನಕೋಟೆಯ ಖೆಡ್ಡಾ ಬಯಲೂ ಹಲವು ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದವು. ಅಣೆಕಟ್ಟಿಗೆ ಮೊದಲಿನ ಆ ಸೀಮೆಯ ಕಾಡು, ಹೊಳೆ, ಆನೆಗಳ ಚಲಿಸುವ ಚಿತ್ರಗಳು ನಮ್ಮಲ್ಲಿರುವುದು ಬಹಳ ಕಡಿಮೆ. ಇರುವುದರಲ್ಲಿ ಒಂದು ಈ 'ಎಲಿಫೆಂಟ್ ಬಾಯ್'. ಕಥೆ ಲಂಡನ್ನಿನದು, ಮಾತು ಸ್ಟುಡಿಯೋದ್ದು. ಆದರೆ ಆನೆಯ ಕಿವಿಯ ಹಿಂದೆ ಕಾಲು ಸಿಕ್ಕಿಸಿ ಹುಡುಗ ಕೂತ ರೀತಿ ಮಾತ್ರ ಈ ನೆಲದ್ದು.

ಸಾಬು ಮುಂದೆ 'ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಚಿತ್ರಗಳಿಂದ ಲೋಕಪ್ರಸಿದ್ಧರಾದರು. 1944ರಲ್ಲಿ ಅಮೆರಿಕದ ಪೌರರಾದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಶೌರ್ಯ ಪದಕ ಪಡೆದರು. 'ಮದರ್ ಇಂಡಿಯಾ' (1957) ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಅವರ ಹೆಸರೇ ಇತ್ತು; ಕೊನೆಗೆ ಅದು ಸುನಿಲ್ ದತ್ ಪಾಲಾಯಿತು. 1963ರ ಡಿಸೆಂಬರ್ 2ರಂದು, 39ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಕನ್ನಡ ನಾಡಿನಲ್ಲಿ ಹುಟ್ಟಿದ ಈ ತಾರೆ ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸಲಿಲ್ಲ.

ಅದೇ ಕಾಡಿನ ಜನ ತೆರೆಯ ಮೇಲೆ ಕನ್ನಡದಲ್ಲಿ ಮಾತನಾಡಿದ್ದು 1977ರಲ್ಲಿ, ಮಾಸ್ತಿಯವರ ನಾಟಕ ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ 'ಕಾಕನ ಕೋಟೆ'ಯಲ್ಲಿ. ಮೈಸೂರಿನ ಅರಸರ ಕಾಲದ ಆ ಕಥೆಯಲ್ಲಿ ಕಾಡು ಕುರುಬರೇ ನಾಯಕರು. ಸಾಹೇಬನ ಅಪ್ಪಣೆ ಅಲ್ಲಿಲ್ಲ. ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡಿದರೆ ಒಳ್ಳೆಯದು. ಒಂದರಲ್ಲಿ ಈ ಸೀಮೆಯ ಮುಖಗಳಿವೆ, ಇನ್ನೊಂದರಲ್ಲಿ ಮಾತಿದೆ.